ಒಳಗಿನ ಮಕ್ಕಳು ಕಲಿಯಲಿ, ಬೆಳೆಯಲಿ: ಬಹುವ್ಯಕ್ತಿತ್ವದವರೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ದೇಹ ಒಂದೇ, ಒಳಗೆ ಹಲವರು. ಹೀಗೆ ಬದುಕುವವರು ನಮ್ಮ ನಡುವೆಯೂ ಇದ್ದಾರೆ. ಅವರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಸಿಕ್ಕಿದರೂ ಸಿನಿಮಾದಲ್ಲಿ ತೋರಿಸುವಂಥ ಭಯಾನಕ ಕಥೆಗಳೇ ಜಾಸ್ತಿ. ಒಳಗಿರುವ ಪುಟ್ಟ ಮಕ್ಕಳ ಬಗ್ಗೆಯಂತೂ ಮಾತೇ ಇಲ್ಲ. ಹೀಗೆ ಬದುಕುವವರಿಗೆ, ಅವರ ಜೊತೆ ಬಾಳುವ ಗಂಡ, ಹೆಂಡತಿ, ಅಕ್ಕ, ಗೆಳೆಯರಿಗೆ ಈ ಪುಟ. ಥೆರಪಿ ನಡೆಯುತ್ತಿದ್ದರೆ ಅದರ ಜೊತೆಗೆ ಇದನ್ನು ಓದಿಕೊಳ್ಳಿ.

ಒಳಗಿನ ಮಗು ಅಂದರೆ ಯಾರು?

ತೀರಾ ಚಿಕ್ಕ ವಯಸ್ಸಿನಲ್ಲಿ ಪದೇ ಪದೇ ಹಿಂಸೆ ಆದಾಗ, ಸಂತೈಸುವವರು ಯಾರೂ ಇಲ್ಲದಾಗ, ಮಗುವಿನ ಮನಸ್ಸು ಆ ನೋವನ್ನು ತನ್ನಿಂದ ಬೇರೆ ಮಾಡಿ ಇಡುತ್ತದೆ. 'ಇದು ನನಗೆ ಆಗಲಿಲ್ಲ, ಇನ್ಯಾರಿಗೋ ಆಯಿತು' ಅನ್ನುವ ಹಾಗೆ. ಆ ವಯಸ್ಸಿಗೆ 'ನಾನು' ಅನ್ನುವುದು ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಬೇರೆಯಾದ ಭಾಗ ಬೇರೆಯಾಗಿಯೇ ಉಳಿಯುತ್ತದೆ. ದೇಹಕ್ಕೆ ಮೂವತ್ತಾದರೂ ಆ ಭಾಗಕ್ಕೆ ಇನ್ನೂ ಐದೋ ಆರೋ ವರ್ಷ. ಇದನ್ನು ಚೈಲ್ಡ್ ಆಲ್ಟರ್ ಅನ್ನುತ್ತಾರೆ. ಎಷ್ಟೋ ಜನ ಸುಮ್ನೆ ಲಿಟಲ್ ಅನ್ನುತ್ತಾರೆ. ಒಳಗಿರುವ ಎಲ್ಲರೂ ಸೇರಿದರೆ ಅದು ಸಿಸ್ಟಂ.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಮಾನಸಿಕ ಕಾಯಿಲೆಗಳ ಕೈಪಿಡಿಯಲ್ಲಿ, ಹೀಗೆ ಒಳಗೆ ಹಲವರಿರುವ ಸ್ಥಿತಿಗೆ ಮಲ್ಟಿಪಲ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಹೆಸರಿನಲ್ಲಿ ಜಾಗ ಕೊಟ್ಟಿತು. 1994ರಲ್ಲಿ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದಾಯಿತು, ಚಿಕ್ಕದಾಗಿ ಡಿಐಡಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಈಗ ಇದೇ ಹೆಸರಿದೆ. ಡಿಐಡಿ ಇರುವವರಲ್ಲಿ ಮಕ್ಕಳ ಭಾಗ ಇರುವುದು ತುಂಬಾ ಸಾಮಾನ್ಯ.

'ಇನ್ನರ್ ಚೈಲ್ಡ್' ಅಂತಾರಲ್ಲ, ಅದೇನಾ ಇದು?

ಅಲ್ಲ. ಅದು ಎಲ್ಲರಿಗೂ ಅನ್ವಯಿಸುವ ಮಾತು: ಬಾಲ್ಯದ ಆಸೆ, ಬಾಲ್ಯದ ನೋವು. ಇಲ್ಲಿ ಮಗು ಮುಂದೆ ಬಂದಾಗ, ಅಂದರೆ ದೇಹ ಆ ಮಗುವಿನ ಕೈಯಲ್ಲಿರುವಾಗ, ಒಳಗಿನ ದೊಡ್ಡವರಿಗೆ, ಅಂದರೆ ದೊಡ್ಡ ವಯಸ್ಸಿನ ಭಾಗಗಳಿಗೆ, ಆ ಹೊತ್ತಿನ ನೆನಪೇ ಇಲ್ಲದಿರಬಹುದು. ದನಿ ಬದಲಾಗಬಹುದು, ಕೈಬರಹ ಬದಲಾಗಬಹುದು, ಎದುರಿಗಿರುವ ಗಂಡ ಯಾರೆಂದೇ ಗೊತ್ತಾಗದಿರಬಹುದು.

ಮಗು ಅಂದಮೇಲೆ ನಿಜವಾದ ಮಗುವಿನ ಹಾಗೇ ನೋಡಿಕೊಳ್ಳಬೇಕಾ?

ಮಗುವಿಗೆ ತೋರುವ ಪ್ರೀತಿ, ತಾಳ್ಮೆ ಎರಡೂ ಬೇಕು. ಜೊತೆಗೆ ಒಂದು ಮಾತು ನೆನಪಿರಲಿ: ಇದು ಒಬ್ಬ ದೊಡ್ಡ ಮನುಷ್ಯರ ಒಂದು ಭಾಗ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ, ಐಎಸ್ಎಸ್‌ಟಿಡಿ, 2011ರಲ್ಲಿ ಪ್ರಕಟಿಸಿದ ಚಿಕಿತ್ಸಾ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಎಲ್ಲ ಭಾಗಗಳೂ ಸೇರಿ ಒಬ್ಬ ವ್ಯಕ್ತಿ. ಯಾವ ಭಾಗವನ್ನೂ ತಳ್ಳಿಹಾಕಬಾರದು, ಯಾವುದೋ ಒಂದನ್ನೇ ಮುದ್ದು ಮಾಡಿ ಮಿಕ್ಕವರನ್ನು ಮರೆಯಲೂಬಾರದು. ಹೊಸ ಭಾಗಗಳು ಹುಟ್ಟುವ ಹಾಗೆ ಪ್ರೇರೇಪಿಸುವುದೂ ತಪ್ಪು. 'ಒಳಗೆ ಇನ್ನೂ ಯಾರಾದರೂ ಪಾಪು ಇದ್ದಾಳಾ?' ಎಂದು ಕೆದಕಿ ಕೆದಕಿ ಕೇಳಬೇಡಿ.

ಮಗು ಅಂದರೆ ಏನೂ ತಿಳಿಯದ್ದು ಎಂದೂ ಅಂದುಕೊಳ್ಳಬೇಡಿ. ಡಿಐಡಿ ಇರುವ ಆಸ್ಟ್ರೇಲಿಯಾದ ಜೆನಿ ಹೇನ್ಸ್ ತನ್ನ ಹೆಸರನ್ನು ತಾನೇ ಬಹಿರಂಗಪಡಿಸಿಕೊಂಡವರು. ಬಾಲ್ಯದಲ್ಲಿ ತಂದೆಯಿಂದ ಆದ ದೌರ್ಜನ್ಯದ ಬಗ್ಗೆ 2019ರಲ್ಲಿ ಸಿಡ್ನಿಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಒಳಗಿರುವವರೂ ಸಾಕ್ಷಿ ಹೇಳಬಹುದು ಎಂದು ನ್ಯಾಯಾಲಯ ಒಪ್ಪಿತ್ತು. ಅಲ್ಲಿ ಮಾತಾಡಿದವಳು ಅವರೊಳಗಿನ ಸಿಂಫನಿ ಎಂಬ ನಾಲ್ಕು ವರ್ಷದ ಹುಡುಗಿ. ತಂದೆ ತಪ್ಪೊಪ್ಪಿಕೊಂಡ. 45 ವರ್ಷ ಶಿಕ್ಷೆಯಾಯಿತು. ಎಷ್ಟೋ ಸಿಸ್ಟಂಗಳಲ್ಲಿ ದೊಡ್ಡವರು ಹೊರಲಾರದ ನೆನಪನ್ನು ಹೊತ್ತು ನಿಂತಿರುವುದು ಮಕ್ಕಳೇ. ಕಲಿಸಲು ಕೂರುವ ಮೊದಲು ಆ ಗೌರವ ಮನಸ್ಸಿನಲ್ಲಿರಲಿ.

ಸರಿ, ಮೊದಲು ಏನು ಕಲಿಸಬೇಕು? ಅ ಆ ಇ ಈ ಇಂದ ಶುರು ಮಾಡೋಣವಾ?

ಬೇಡ. ಮೊದಲ ಪಾಠ ಬೇರೆಯೇ ಇದೆ: ಇವತ್ತು ಯಾವ ವರ್ಷ, ಇದು ಯಾವ ಮನೆ, ಈ ದೇಹಕ್ಕೆ ಎಷ್ಟು ವಯಸ್ಸು. ನನ್ನ ಮಟ್ಟಿಗೆ ಈ ಪುಟದಲ್ಲಿರುವ ಎಲ್ಲಕ್ಕಿಂತ ಮುಖ್ಯ ಮಾತು ಇದೇ.

ಯಾಕೆಂದರೆ ಆ ಮಗು ಇನ್ನೂ ಹಳೆಯ ಮನೆಯಲ್ಲೇ ಇದೆ. ನಿಮ್ಮ ಗೋಡೆಯ ಮೇಲೆ ಈ ವರ್ಷದ ಕ್ಯಾಲೆಂಡರ್ ನೇತಾಡುತ್ತಿರಬಹುದು, ಮಗುವಿಗೆ ಅದು ಇನ್ನೂ 1996. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಹಿಂಸೆ ಕೊಟ್ಟವನೇ ಬಂದ ಅನ್ನಿಸುತ್ತದೆ. ಇಷ್ಟು ಹೆದರಿಕೆಯಲ್ಲಿ ಯಾವ ಮಗುವೂ ಏನನ್ನೂ ಕಲಿಯುವುದಿಲ್ಲ ಅಲ್ವಾ? ಕಾಲ ಮುಂದೆ ಬಂದಿದೆ ಎಂದು ಮಗುವಿಗೆ ಗೊತ್ತಾದ ಮೇಲೆ ಉಳಿದ ಕಲಿಕೆ ಎಷ್ಟೋ ಸಲೀಸಾಗುತ್ತದೆ.

ಕೈಗಳಿಂದ ಶುರು ಮಾಡಿ. 'ನೋಡು ಪುಟ್ಟಾ, ಈ ಕೈ ಎಷ್ಟು ದೊಡ್ಡದಾಗಿದೆ. ಈ ಚಪ್ಪಲಿ ಎಷ್ಟು ದೊಡ್ಡದು.' ಕನ್ನಡಿಯನ್ನು ಮೊದಲ ದಿನವೇ ತೋರಿಸಬೇಡಿ. ತನ್ನದಲ್ಲದ ಮುಖ ಕಂಡು ಮಗು ಬೆಚ್ಚಿಬೀಳಬಹುದು. ಆಗ ಇರದ, ಈಗ ಇರುವ ವಸ್ತುಗಳನ್ನು ತೋರಿಸಿ. ಬೆಂಗಳೂರಿನವರಾದರೆ ನಮ್ಮ ಮೆಟ್ರೋ ಒಳ್ಳೆಯ ಪಾಠ, ಅದು ಓಡಲು ಶುರುವಾಗಿದ್ದೇ 2011ರಲ್ಲಿ. ಬೆರಳಿಂದ ಮುಟ್ಟಿದರೆ ಓಡುವ ಫೋನು ಇನ್ನೊಂದು. ಬಾಗಿಲಿನ ಚಿಲಕ ಒಳಗಡೆಯೇ ಇದೆ, ಬೀಗದ ಕೈ ನಮ್ಮ ಹತ್ತಿರವೇ ಇದೆ ಎಂದು ತೋರಿಸಿ. ಮಗುವೇ ಒಂದು ಸಲ ಚಿಲಕ ಹಾಕಿ ತೆಗೆಯಲಿ.

ಹೆದರಿಕೆ ಜಾಸ್ತಿಯಾದಾಗ ಥೆರಪಿಸ್ಟ್‌ಗಳು ಹೇಳಿಕೊಡುವ ಒಂದು ಆಟವಿದೆ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ಮಕ್ಕಳಿಗೆ ಇದು ಆಟವೇ ಆಗಿಬಿಡುತ್ತದೆ.

ಇದೇ ಪಾಠವನ್ನು ನಾಳೆ ಮತ್ತೆ ಹೇಳಬೇಕಾಗುತ್ತದೆ. ನಾಡಿದ್ದು ಮತ್ತೆ. ಮಗು ಮರೆತದ್ದು ಹಟದಿಂದ ಅಲ್ಲ. ಇನ್ನೊಂದು ಮಾತು, ಸುಳ್ಳು ಸಮಾಧಾನ ಹೇಳಬೇಡಿ. ಈಗಾಗಲೇ ದೊಡ್ಡವರ ಸುಳ್ಳಿನಿಂದ ನೊಂದ ಮಗು ಅದು.

ಕಲಿಸಬೇಕಾದವರು ಯಾರು? ನಾನು ಗಂಡ, ನಾನೇ ಅಪ್ಪನ ಹಾಗೆ ಇರಬೇಕಾ?

ಇರಬೇಡಿ. ಪ್ರೀತಿ ಇರುವವರೇ ಹೆಚ್ಚಾಗಿ ಹೋಗಿ ಸಿಕ್ಕಿಕೊಳ್ಳುವ ಜಾಗ ಇದು. ಹೊರಗಿನವರು ಅಪ್ಪನೋ ಅಮ್ಮನೋ ಆಗಿಬಿಟ್ಟರೆ, ಅವರು ಊರಿಗೆ ಹೋದ ದಿನ ಮಗು ಮತ್ತೆ ಅನಾಥ. ಒಳಗಿನ ದೊಡ್ಡವರಿಗೂ 'ನಮ್ಮ ಕೈಲಿ ಆಗಲ್ಲ, ಅವರೇ ನೋಡಿಕೊಳ್ಳಲಿ' ಎಂದು ಅಭ್ಯಾಸವಾಗುತ್ತದೆ. ನೀವೂ ಸೋತುಹೋಗುತ್ತೀರಿ.

ಮಗುವನ್ನು ಸಾಕಬೇಕಾದವರು ಒಳಗಿನ ದೊಡ್ಡವರು. ಅವರಿಗೆ ದಿನಾ ಜೊತೆಗಿರಲು ಸಾಧ್ಯ, ನಡುರಾತ್ರಿಯಲ್ಲೂ. ನಿಮ್ಮ ಪಾತ್ರ ಅಕ್ಕಪಕ್ಕದ ಮನೆಯ ಒಳ್ಳೆಯ ಮಾಮನದು. ಮಗು ಬಂದರೆ ನಗುನಗುತ್ತಾ ಮಾತಾಡಿಸಿ, ಬಣ್ಣದ ಪೆನ್ಸಿಲ್ ಕೊಡಿ. ಆಮೇಲೆ 'ಒಳಗೆ ಯಾರು ನಿನ್ನ ನೋಡಿಕೊಳ್ಳುತ್ತಾರೆ? ಅವರಿಗೂ ಈ ಚಿತ್ರ ತೋರಿಸೋಣವಾ?' ಎಂದು ಕೇಳಿ.

ಶುರುವಿನಲ್ಲಿ ಒಳಗಿನ ದೊಡ್ಡವರಿಗೆ ಮಗುವನ್ನು ಕಂಡರೆ ಆಗದೇ ಇರಬಹುದು. ಅದು ಅಳುತ್ತದೆ, ಆಫೀಸಿನಲ್ಲಿ ಮಾನ ಕಳೆಯುತ್ತದೆ, ಬೇಡದ ನೆನಪು ತರುತ್ತದೆ. ಸಿಟ್ಟು ಬರುವುದು ಸಹಜ. ಆಗ ಒಂದು ನೋಟ್‌ಬುಕ್ ಇಡಿ, ಎಲ್ಲರಿಗೂ ಒಂದೇ. ದೊಡ್ಡವರು ರಾತ್ರಿ ಒಂದು ಸಾಲು ಬರೆದಿಡಲಿ: 'ನೀನು ನಿನ್ನೆ ಹೆದರಿದ್ದೆ ಅಂತ ಗೊತ್ತಾಯಿತು. ಇವತ್ತು ಸಂಜೆ ಅರ್ಧ ಗಂಟೆ ನಿನ್ನದು.' ಮಗುವಿಗೆ ಬರೆಯಲು ಬಾರದಿದ್ದರೆ ಚಿತ್ರ ಬರೆಯುತ್ತದೆ. ಹೇಳಿದ ಅರ್ಧ ಗಂಟೆಯನ್ನು ತಪ್ಪಿಸಬೇಡಿ. ಐದು ನಿಮಿಷ ಕೊಡುತ್ತೇನೆಂದು ಐದು ನಿಮಿಷ ಕೊಟ್ಟರೂ ಸಾಕು, ಮಾತು ಉಳಿಯಬೇಕು.

ದೇಹಕ್ಕೆ ಎಂ.ಟೆಕ್ ಆಗಿದೆ. ಮಗುವಿಗೆ ಅಕ್ಷರ ಬರಲ್ಲ ಅಂದರೆ ನಂಬೋದು ಹೇಗೆ?

ನಂಬಿ. ಒಬ್ಬರ ಕೌಶಲ ಇನ್ನೊಬ್ಬರಿಗೆ ಸಿಗದಿರುವುದು ಡಿಐಡಿಯಲ್ಲಿ ಇರುವುದೇ. ದೊಡ್ಡವರು ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯುತ್ತಾರೆ, ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. 'ಇಷ್ಟು ದೊಡ್ಡವಳಾಗಿ ನಾಟಕ ಆಡ್ತೀಯಾ' ಎಂದರೆ ಮಗು ಒಳಗೆ ಓಡಿಹೋಗುತ್ತದೆ, ತಿಂಗಳುಗಟ್ಟಲೆ ಬರುವುದಿಲ್ಲ.

ಕಲಿಸುವುದು ಸಾಮಾನ್ಯ ಮಕ್ಕಳಿಗೆ ಕಲಿಸುವ ಹಾಗೆಯೇ. ಸ್ಲೇಟು, ಬಳಪ, ಕಾಗುಣಿತ, ಬೆರಳೆಣಿಕೆ. ಆದರೆ ಮೊದಲು ಕೇಳಿ. ಶಾಲೆಯಲ್ಲೇ ಏಟು ತಿಂದ ಮಗುವಿಗೆ ಸ್ಲೇಟು ನೋಡಿದರೇ ಮೈ ನಡುಗಬಹುದು. ಆಗ ರಾಗಿ ಹಿಟ್ಟಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿಸಿ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆಸಿ. ಅಂಕ ಬೇಡ, ಪರೀಕ್ಷೆ ಬೇಡ, ಕೆಂಪು ಶಾಯಿ ಬೇಡ.

ಕಥೆ ಓದಿ ಹೇಳುವುದು ಎಲ್ಲಕ್ಕಿಂತ ಸುಲಭದ ದಾರಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ 2015ರಿಂದ ಇದೆ. ಚಿತ್ರಗಳಿರುವ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇಟ್ಟಿದ್ದಾರೆ. ದೊಡ್ಡವರೇ ಜೋರಾಗಿ ಓದಿದರೆ ಒಳಗಿನ ಮಕ್ಕಳು ಹಿಂದೆ ಕೂತು ಕೇಳಿಸಿಕೊಳ್ಳುತ್ತಾರೆ. ಮುಂದೆ ಬರಲೇಬೇಕು ಅಂತಿಲ್ಲ. ಅದೇ ಕಥೆಯನ್ನು ಮತ್ತೆ ಕೇಳಿದರೆ ಮತ್ತೆ ಓದಿ. ಏನಾಗುತ್ತದೆಂದು ಮೊದಲೇ ಗೊತ್ತಿರುವ ಕಥೆ ಹೆದರಿದ ಮಗುವಿಗೆ ದೊಡ್ಡ ನೆಮ್ಮದಿ.

ನಾವು ವಿದೇಶದಲ್ಲಿದ್ದೇವೆ. ಥೆರಪಿಸ್ಟ್‌ಗೆ ಕನ್ನಡ ಬರಲ್ಲ, ಮಗುವಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಏನು ಮಾಡೋದು?

ಮಗು ಐದು ವರ್ಷಕ್ಕೆ ನಿಂತಿದ್ದರೆ ಅದರ ಮಾತೂ ಆ ಐದು ವರ್ಷದ್ದೇ. ಧಾರವಾಡದ ಮನೆಮಾತೋ ಮಂಗಳೂರಿನದೋ. ಇಂಗ್ಲಿಷ್ ಕಲಿಸಿ ಥೆರಪಿಗೆ ಕರೆದುಕೊಂಡು ಹೋಗೋಣ ಎಂದು ಅವಸರ ಮಾಡಬೇಡಿ. ಒಳಗಿನ ದೊಡ್ಡವರು ದುಭಾಷಿಯಾಗಲಿ: ಮಗು ಒಳಗೆ ಕನ್ನಡದಲ್ಲಿ ಹೇಳುತ್ತದೆ, ದೊಡ್ಡವರು ಹೊರಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇದರಿಂದ ಇಬ್ಬರ ನಡುವಿನ ಮಾತುಕತೆಯೂ ಗಟ್ಟಿಯಾಗುತ್ತದೆ. ಮನೆಯವರನ್ನೋ ಪರಿಚಯದ ಕನ್ನಡಿಗರನ್ನೋ ದುಭಾಷಿಯಾಗಿ ಕೂರಿಸಬೇಡಿ. ಮಗು ಹೇಳುವ ಹೆಸರು ಅವರಿಗೆ ಗೊತ್ತಿರುವವರದೇ ಆಗಿರಬಹುದು.

ಅಕ್ಷರ ಬಿಟ್ಟು ಇನ್ನೇನು ಕಲಿಸಬಹುದು?

'ಬೇಡ' ಅನ್ನುವುದನ್ನು. ಈ ಮಕ್ಕಳಿಗೆ ಆ ಮಾತು ಹೇಳುವ ಅವಕಾಶವೇ ಸಿಕ್ಕಿರಲಿಲ್ಲ. ಸಣ್ಣ ವಿಷಯದಿಂದ ಶುರುವಾಗಲಿ: ಮೊಸರನ್ನ ಬೇಕಾ ಬೇಡವಾ, ನೀಲಿ ಬಣ್ಣವಾ ಹಸಿರಾ. ಬೇಡ ಎಂದರೆ ಸರಿ ಎಂದು ಒಪ್ಪಿಕೊಳ್ಳಿ, ಕಾರಣ ಕೇಳಬೇಡಿ. ಹಸಿವು, ಬಾಯಾರಿಕೆ, ಮೂತ್ರ, ನಿದ್ದೆ, ಇವನ್ನು ಗುರುತಿಸಿ ಹೇಳುವುದನ್ನೂ ಕಲಿಸಬೇಕಾಗುತ್ತದೆ. ಮೈಯನ್ನೇ ಮರೆತು ಬದುಕುಳಿದವರಿಗೆ ಮೈಯ ಮಾತು ಕೇಳುವುದು ಹೊಸತು. ಅಳಬಹುದು, ಸಿಟ್ಟಾಗಬಹುದು, ಆದರೆ ಯಾರಿಗೂ, ಈ ದೇಹಕ್ಕೂ, ಪೆಟ್ಟು ಮಾಡುವಂತಿಲ್ಲ ಎಂಬುದನ್ನೂ ಕಲಿಸಿ.

ಬರೀ ಆಟ ಆಡಿದರೆ ಸಾಕಾ?

ಎಷ್ಟೋ ದಿನ ಅಷ್ಟೇ ಸಾಕು. ಚೌಕಾಬಾರ, ಜೇಡಿಮಣ್ಣು, ಅಂಗಳದಲ್ಲಿ ಕುಂಟೆಬಿಲ್ಲೆ. ಆದರೆ ಆಟಕ್ಕೆ ಮುಗಿಯುವ ಸಮಯವೂ ಇರಲಿ. ದಿನವಿಡೀ ಮಗುವೇ ಮುಂದೆ ಇದ್ದರೆ ಕೆಲಸ, ಊಟ, ಬಾಡಿಗೆ ಎಲ್ಲ ನಿಂತುಹೋಗುತ್ತವೆ. ಆಗ ತೊಂದರೆ ಮಗುವಿಗೂ ತಪ್ಪುವುದಿಲ್ಲ.

ಮಗು ಮುಂದೆ ಇದ್ದಾಗ ಏನೇನು ಮಾಡಬಾರದು?

ಗಾಡಿ ಓಡಿಸಬಾರದು. ಗ್ಯಾಸ್ ಹಚ್ಚಬಾರದು. ಯುಪಿಐ ಪಿನ್ ಬೇಡ, ಸಹಿ ಬೇಡ. ಮಾತ್ರೆಗಳು ಸಿಗುವ ಜಾಗದಲ್ಲಿ ಇರಬಾರದು. ಇಂಟರ್‌ನೆಟ್ಟಿನಲ್ಲಿ ಒಬ್ಬರೇ ಇರುವುದು ಬೇಡ. ಮಕ್ಕಳ ಭಾಗಗಳನ್ನೇ ಹುಡುಕಿಕೊಂಡು ಬಂದು ಸಿಹಿಮಾತಾಡುವ ಕೆಟ್ಟವರು ಅಲ್ಲಿದ್ದಾರೆ. ಈ ನಿಯಮಗಳನ್ನು ದೊಡ್ಡವರು ಒಳಗೇ ಕೂತು ಮಾಡಿಕೊಂಡರೆ ಪಾಲಿಸುವುದು ಸುಲಭ.

ಗಂಡ-ಹೆಂಡತಿ ಒಂದು ಮಾತು ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ಒಟ್ಟಿಗಿರುವ ಹೊತ್ತಿನಲ್ಲಿ ಮಗು ಮುಂದೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಆ ಕ್ಷಣವೇ. ದೇಹದ ವಯಸ್ಸು ಎಷ್ಟೇ ಇರಲಿ, ಆ ಭಾಗದ ಒಪ್ಪಿಗೆ ಒಪ್ಪಿಗೆಯಲ್ಲ. ಹೊದಿಕೆ ಕೊಡಿ, ದೀಪ ಹಾಕಿ, ಸ್ವಲ್ಪ ದೂರ ಕೂತು ಇವತ್ತು ಯಾವ ದಿನ ಎಂದು ಹೇಳಿ. ಆಮೇಲೆ ಹೆಂಡತಿಯ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ನೆಂಟರಿಗೆ ತೋರಿಸಲೆಂದು ಮಗುವನ್ನು ಕರೆಯಬೇಡಿ, ವೀಡಿಯೋ ಮಾಡಬೇಡಿ.

ಆಫೀಸಿನಲ್ಲಿ ಮಗು ಬಂದುಬಿಟ್ಟರೆ?

ಫೋನಿನ ಲಾಕ್ ಸ್ಕ್ರೀನಿನಲ್ಲಿ ಒಂದು ಚಿತ್ರ ಇಡಿ, ಮಗುವಿಗೆ ಅರ್ಥವಾಗುವಂಥದ್ದು, 'ಇಲ್ಲಿ ಯಾರೂ ಹೊಡೆಯಲ್ಲ' ಅನ್ನುವ ಅರ್ಥದ್ದು. ತಣ್ಣೀರಿನಲ್ಲಿ ಕೈ ತೊಳೆಯುವುದು, ಜೇಬಿನಲ್ಲಿ ಒಂದು ನುಣುಪು ಕಲ್ಲು, ಹೀಗೆ ಸಣ್ಣ ಆಸರೆಗಳು ಸಾಕಾಗುತ್ತವೆ. ಮಗುವಿನ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ: ಆಫೀಸು ದೊಡ್ಡವರ ಜಾಗ, ಸಂಜೆ ನಿನ್ನ ಜಾಗ.

ಏನಾಯಿತು ಅಂತ ಮಗುವನ್ನು ಕೇಳಬಹುದಾ?

ಕೇಳಬೇಡಿ. ಅದಾಗಿ ಹೇಳಿದರೆ ಕೇಳಿಸಿಕೊಳ್ಳಿ, 'ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ' ಎನ್ನಿ, ಅಲ್ಲಿಗೆ ಬಿಡಿ. ಚಿಕಿತ್ಸೆಗೆ ಸಾಮಾನ್ಯವಾಗಿ ಮೂರು ಹಂತ: ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಆಮೇಲೆ ಹಳೆಯ ನೆನಪಿನ ಕೆಲಸ, ಕೊನೆಗೆ ಒಂದಾಗುವುದು ಮತ್ತು ಹೊಸ ಬದುಕು. ಮೊದಲ ಹಂತ ಗಟ್ಟಿಯಾಗದೆ ಎರಡನೆಯದಕ್ಕೆ ಕೈಹಾಕಿದರೆ ರಾತ್ರಿ ನಿದ್ದೆ ಹೋಗುತ್ತದೆ, ಕೈ ಕೊಯ್ದುಕೊಳ್ಳುವುದು ಹೆಚ್ಚುತ್ತದೆ. ಹಿಪ್ನಾಟಿಸಂ ಮಾಡಿ ಎಲ್ಲ ಹೊರಗೆ ತೆಗೆಯುತ್ತೇನೆ ಅನ್ನುವವರಿಂದ ದೂರ ಇರಿ. ಇಲ್ಲದ ನೆನಪು ಹುಟ್ಟಿಕೊಳ್ಳುವ ಅಪಾಯವೂ ಅದರಲ್ಲಿದೆ.

ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಮಗು ಕಲಿತದ್ದೆಲ್ಲ ಮರೆಯುತ್ತದೆ. ಯಾಕೆ?

ಊರಿನ ಮನೆಯಲ್ಲಿ ಯಾರಿದ್ದಾರೆ? ನೋವು ಕೊಟ್ಟವರು ಇಂದಿಗೂ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರಾದರೆ, 'ಅಪಾಯ ಮುಗಿಯಿತು' ಎಂಬ ಪಾಠವನ್ನು ಮಗು ನಂಬುವುದಾದರೂ ಹೇಗೆ? ಆ ಮಗು ಮರೆತಿಲ್ಲ, ಎಚ್ಚರವಾಗಿದೆ. ನಮ್ಮ ಕೂಡುಕುಟುಂಬಗಳಲ್ಲಿ ಇದು ದೊಡ್ಡ ತೊಡಕು. ಮದುವೆ, ಗೃಹಪ್ರವೇಶ, ತಿಥಿ, ಒಂದಕ್ಕೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೂ ಹೇಳುತ್ತೇನೆ, ಹೋಗದಿರುವ ಹಕ್ಕು ನಿಮಗಿದೆ. ಹೋಗಲೇಬೇಕಾದರೆ ರಾತ್ರಿ ಅಲ್ಲಿ ಉಳಿಯಬೇಡಿ, ಜೊತೆಗೆ ವಿಷಯ ಗೊತ್ತಿರುವ ಒಬ್ಬರಿರಲಿ, ಹೊರಟು ಬರಲು ನಿಮ್ಮದೇ ಗಾಡಿ ಇರಲಿ. ಮಗುವಿಗೆ 'ನೀನು ಬರಬೇಕಾಗಿಲ್ಲ, ನಾವು ದೊಡ್ಡವರು ಹೋಗಿ ಬರುತ್ತೇವೆ' ಎಂದು ಮೊದಲೇ ಹೇಳಿ. ಆ ವ್ಯಕ್ತಿಯ ಸುತ್ತ ಈಗ ಬೇರೆ ಮಕ್ಕಳಿದ್ದಾರಾ ಎಂಬುದನ್ನೂ ಯೋಚಿಸಿ. 1098 ಮಕ್ಕಳ ಸಹಾಯವಾಣಿ.

ಮನೆಯವರು ಮೈಮೇಲೆ ಬಂದಿದೆ ಅನ್ನುತ್ತಾರೆ. ಬಿಡಿಸಲು ಕರೆದುಕೊಂಡು ಹೋಗುತ್ತಾರೆ.

ದೇವರು ಮೈಮೇಲೆ ಬರುವುದು ನಮ್ಮಲ್ಲಿ ಆಚರಣೆಯ ಭಾಗ. ಅದು ರೋಗವಲ್ಲ. ಅದರ ವಿಷಯ ಬೇರೆ. ಆದರೆ ಆಚರಣೆಗೆ ಸಂಬಂಧವೇ ಇಲ್ಲದೆ, ಬೇಡವೆಂದರೂ ಬಂದು, ನೆನಪು ಅಳಿಸಿ, ಬದುಕು ಕೆಡಿಸುತ್ತಿದ್ದರೆ ವೈದ್ಯರು ನೋಡಬೇಕು. ಕೆಲವು ಸಂಸ್ಕೃತಿಗಳಲ್ಲಿ ಡಿಐಡಿ ಮೈಮೇಲೆ ಬಂದ ರೂಪದಲ್ಲೇ ಕಾಣಿಸಬಹುದು ಎಂದು ಅಮೆರಿಕದ ಕೈಪಿಡಿಯ 2013ರ ಆವೃತ್ತಿಯೂ ಒಪ್ಪುತ್ತದೆ.

ಬೇವಿನ ಬರಲಿನಿಂದ ಹೊಡೆದು, ಹೊಗೆ ಹಾಕಿ ಬಿಡಿಸುವುದು ಆ ಮಗುವಿನ ಪಾಲಿಗೆ ಹಳೆಯ ಹಿಂಸೆಯೇ ಮತ್ತೆ ಬಂದ ಹಾಗೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಹಿರಿಯರ ಜೊತೆ ವಾದಿಸುವಾಗ ಇದು ಗೊತ್ತಿದ್ದರೆ ಅನುಕೂಲ.

ಡಾಕ್ಟರೇ ನಂಬದಿದ್ದರೆ?

ಹಾಗಾಗುತ್ತದೆ. ಇದು ಬೇರೆಯವರು ತಲೆಗೆ ತುಂಬುವುದರಿಂದ, ಕಲ್ಪನೆಯಿಂದ ಬರುವಂಥದ್ದು ಎಂದು ವಾದಿಸುವ ಸಂಶೋಧಕರು ಇದ್ದಾರೆ. ಇನ್ನೊಂದು ಕಡೆ, ಸಂಶೋಧಕಿ ಸಿಮೋನ್ ರೈಂಡರ್ಸ್ ಮತ್ತು ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಐಡಿ ಇರುವವರ ಮಿದುಳಿನ ಚಿತ್ರಗಳನ್ನೂ, ಅದನ್ನು ನಟಿಸಲು ಹೇಳಿದವರ ಚಿತ್ರಗಳನ್ನೂ ಹೋಲಿಸಿತು. ಕಲ್ಪನಾಶಕ್ತಿ ಜಾಸ್ತಿ ಇದ್ದವರಿಗೂ ಅದನ್ನು ನಟಿಸಿ ತೋರಿಸಲು ಆಗಲಿಲ್ಲ. ಭಾರತದಲ್ಲೂ 1989ರಷ್ಟು ಹಿಂದೆಯೇ ವೈದ್ಯರು ಇಂಥ ಮೂರು ಪ್ರಕರಣಗಳನ್ನು ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಒಬ್ಬ ವೈದ್ಯರು ಕೇಳದಿದ್ದರೆ ಇನ್ನೊಬ್ಬರನ್ನು ನೋಡಿ. ಡಿಐಡಿಗೆಂದೇ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ಆತಂಕಕ್ಕೆ ಇದೆ. ಅದನ್ನು ತಾವಾಗಿಯೇ ನಿಲ್ಲಿಸಬೇಡಿ.

ಮಗು ಬೆಳೆಯುತ್ತದಾ? ಬೆಳೆದರೆ ಇಲ್ಲವಾಗುತ್ತದಾ?

ಕೆಲವು ಬೆಳೆಯುತ್ತವೆ. ಐದಿದ್ದ ಮಗು ಒಂದು ದಿನ 'ನನಗೀಗ ಎಂಟು' ಎನ್ನುತ್ತದೆ. ಹುಟ್ಟುಹಬ್ಬ ಬೇಕೆಂದರೆ ಮಾಡಿ, ಪಾಯಸವೂ ಇರಲಿ. ಕೆಲವು ಬೆಳೆಯುವುದೇ ಇಲ್ಲ, ಆದರೆ ಹೆದರಿಕೆ ಬಿಟ್ಟು ನಗುತ್ತಾ ಇರುತ್ತವೆ. ಅದೂ ಬೆಳವಣಿಗೆಯೇ. ಕೆಲವು ಕಾಲಕ್ರಮೇಣ ದೊಡ್ಡವರ ಜೊತೆ ಸೇರಿ ಒಂದಾಗುತ್ತವೆ.

ಒಂದಾಗುವುದು ಸಾಯುವುದು ಎಂದು ಮಕ್ಕಳು ಹೆದರುತ್ತವೆ. ದೊಡ್ಡವರೂ ಹೆದರುತ್ತಾರೆ. ಒಂದಾದವರು ಹೇಳುವುದು ಬೇರೆ: ಮಗುವಿನ ಕುತೂಹಲ, ಮಗುವಿಗೆ ಇಷ್ಟವಿದ್ದ ಬಣ್ಣ, ಅದರ ನಗು ಈಗ ತಮ್ಮದಾಗಿದೆ ಎಂದು. ಎಲ್ಲರೂ ಒಂದಾಗಲೇಬೇಕು ಎಂಬ ಕಟ್ಟುಪಾಡಿಲ್ಲ. ಪರಸ್ಪರ ಮಾತಾಡಿಕೊಂಡು, ನೆನಪು ಹಂಚಿಕೊಂಡು, ಹೊಂದಿಕೊಂಡು ಬಾಳುವವರೂ ಇದ್ದಾರೆ. ಒತ್ತಾಯ ಮಾತ್ರ ಬೇಡ. 'ಬೇಗ ದೊಡ್ಡವಳಾಗು' ಎಂಬ ಮಾತನ್ನು ಈ ಮಕ್ಕಳು ಮೊದಲೇ ಬೇಕಾದಷ್ಟು ಕೇಳಿದ್ದಾರೆ.

ನಮಗೆ ನಿಜವಾದ ಮಕ್ಕಳೂ ಇದ್ದಾರೆ. ಹೇಗೆ ನಿಭಾಯಿಸೋದು?

ಮನೆಯ ಮಗುವಿಗೆ ಅಮ್ಮ ಬೇಕು, ಆಟದ ಜೊತೆಗಾರ್ತಿ ಅಲ್ಲ. ಮನೆಯ ಮಗು ಎದ್ದಿರುವ ಹೊತ್ತಿನಲ್ಲಿ ದೊಡ್ಡವರೇ ಮುಂದೆ ಇರಲು ಪ್ರಯತ್ನಿಸಬೇಕು. ಒಳಗಿನ ಮಗುವಿನ ಆಟಿಕೆಗೆ ಬೇರೆ ಡಬ್ಬಿ ಇಡಿ, ಇಲ್ಲದಿದ್ದರೆ ಜಗಳ ಖಂಡಿತ. ಒಳಗಿನ ಮಗುವನ್ನು ನೋಡಿಕೊಳ್ಳುವ ಹೊಣೆಯನ್ನು ನಿಮ್ಮ ಮಗನ ಮೇಲೋ ಮಗಳ ಮೇಲೋ ಹಾಕಬೇಡಿ.

ಸಹಾಯ ಎಲ್ಲಿ ಸಿಗುತ್ತದೆ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಹೇಳಿದ ಮಾತು ಮನೆಯವರಿಗೆ ತಿಳಿಯುತ್ತದೆಂಬ ಭಯ ಇದ್ದರೆ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಮಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಮೊದಲ ಭೇಟಿಯಲ್ಲೇ ವೈದ್ಯರಿಗೆ ಅದನ್ನು ಹೇಳಿ. ಸಾಯಬೇಕು ಅನ್ನಿಸುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಈಗಲೇ ಫೋನ್ ಮಾಡಿ.

ಕೆಲವು ವಾರಗಳಿಂದ ಮಗು ಬಂದೇ ಇಲ್ಲ. ಹೋಗಿಬಿಟ್ಟಿತಾ?

ಬಹುಪಾಲು ಇಲ್ಲ. ಒಳಗೆ ನೆಮ್ಮದಿಯಾಗಿ ಆಡಿಕೊಂಡಿರಬಹುದು. ಹೆದರಿ ಅಡಗಿರಲೂಬಹುದು. ಇತ್ತೀಚೆಗೆ ಮನೆಯಲ್ಲಿ ಜೋರು ದನಿ, ಹೊಸ ಕೆಲಸ, ಜ್ವರ, ಹಳೆಯವರ ಫೋನು, ಇಂಥದ್ದೇನಾದರೂ ಆಯಿತಾ ನೋಡಿ. ಕರೆದು ಒತ್ತಾಯಿಸಬೇಡಿ. ಸಂಜೆಯ ಅರ್ಧ ಗಂಟೆಯನ್ನು ಹಾಗೇ ಇಟ್ಟುಕೊಳ್ಳಿ, ಕಥೆ ಜೋರಾಗಿ ಓದಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಒಂದು ಸಾಲು ಬರೆಯಿರಿ. ಮುಂದಿನ ಸಲ ಥೆರಪಿಸ್ಟ್ ಹತ್ತಿರ ಹೋದಾಗ ಇದನ್ನು ಹೇಳುವುದು ಮರೆಯಬೇಡಿ.